ಕಟ್ಟೆಯ ಮೇಲೆ ಓದುವ ಮುಚ್ಚಳಿಕೆ

ಸುರಪುರ ತಾಲೂಕು
ಶುಕ್ರವಾರ

ಪಕ್ಷಿಕೆರೆ ಸಮಿತಿಯ ಅಧ್ಯಕ್ಷರಾದ ಹಣಮಂತ್ರಾಯಗೌಡರಿಗೆ, ಕೆರೆಯ ಗೇಟಿನಲ್ಲಿ ಕೆಲಸ ಮಾಡುವ ಶಂಕ್ರಮ್ಮನ ನಮಸ್ಕಾರಗಳು.

ಇಂದು ಬೆಳಿಗ್ಗೆ ಜಾಲಿಮರದ ಗೂಡಿನಿಂದ ಕೊಕ್ಕರೆ ಮರಿಯೊಂದು ತಲೆಕೆಳಗಾಗಿ ನೇತಾಡುತ್ತಿತ್ತು. ಕಾಲಿಗೆ ಬಲೂನಿನ ಗುಲಾಬಿ ರಿಬ್ಬನ್ ಸುತ್ತಿಕೊಂಡಿತ್ತು. ನಾನು ಬಿಚ್ಚುವಷ್ಟರಲ್ಲಿ ಮರಿ ಸತ್ತಿತ್ತು. ರಿಬ್ಬನ್ನಿನ ಮೇಲೆ ನಿಮ್ಮ ಮೊಮ್ಮಗಳ ಹೆಸರಿದೆ. ಮೊನ್ನೆ ಅವಳ ಹುಟ್ಟುಹಬ್ಬದ ದಿನ ಒಳಗೆ ಬಲೂನು ಬೇಡವೆಂದು ನಾನು ಗೇಟಿನಲ್ಲಿ ತಡೆದಾಗ ನೀವು, "ಕನ್ನಡದಾಗ ಎಂ.ಎ. ಮಾಡೀದಿ ಅಂತ ನಮಗ ಕಾಯ್ದಾ ಹೇಳ್ತಿಯೇನಬೇ?" ಎಂದು ನಕ್ಕು ಒಳಗೆ ಹೋದಿರಿ.

ಕಾಯ್ದೆ ನಿಮ್ಮದೇ. ಕಾಲುವೆ ನೀರು ಬಂದು ಹಕ್ಕಿಗಳು ನೆಲೆಸಿದ ವರ್ಷ, ಗೂಡುಗಳಿಗೆ ತೊಂದರೆ ಕೊಟ್ಟವರು ತಪ್ಪೊಪ್ಪಿಗೆಯ ಮುಚ್ಚಳಿಕೆ ಬರೆದು ಊರ ಕಟ್ಟೆಯ ಮೇಲೆ ಎಲ್ಲರೆದುರು ಓದಬೇಕೆಂದು ಗೊತ್ತುಮಾಡಿದಿರಿ. ಮೊದಲು ಸಿಕ್ಕವನು, ನೀರು ಕುಡಿಸಲು ಕುರಿ ಇಳಿಸಿದ ನನ್ನಪ್ಪ ಮಲ್ಕಪ್ಪ. ಅವನಿಗೆ ಓದು ಬಾರದ್ದರಿಂದ ಹೈಸ್ಕೂಲಿನಲ್ಲಿದ್ದ ನಾನು ಓದಿದೆ. "ಜೋರ್ ಓದವಾ, ಹಿಂದಿನವರಿಗೆ ಕೇಳವಲ್ತು," ಎಂದಿರಿ. ಜನ ನಕ್ಕರು. ಅಪ್ಪ ಮತ್ತೆ ಆ ಕಟ್ಟೆ ಹತ್ತಿಲ್ಲ.

ಇದರೊಂದಿಗೆ ನಿಮ್ಮ ಮುಚ್ಚಳಿಕೆ ಇದೆ. ಅಪ್ಪನದನ್ನೇ ನಕಲು ಮಾಡಿದ್ದೇನೆ. ಕುರಿ ಎಂದಿದ್ದಲ್ಲಿ ಬಲೂನು ಎಂದು ಬರೆದಿದ್ದೇನೆ, ಅಷ್ಟೇ. ಸಹಿ ಮಾಡಿ, ಭಾನುವಾರ ಹತ್ತು ಗಂಟೆಗೆ ಬಂದು ಓದಬೇಕೆಂದು ವಿನಂತಿ. ಕನ್ನಡಕ ಮರೆಯಬೇಡಿ. ಅಪ್ಪನಿಗೂ ತಿಳಿಸಿದ್ದೇನೆ. "ಮುಂದೇ ಕುಂದರ್ತೀನಿ," ಎಂದಿದ್ದಾನೆ.

ನೀವು ಬಾರದಿದ್ದರೆ ನಾನೇ ಓದುತ್ತೇನೆ, ಹಿಂದಿನವರಿಗೂ ಕೇಳುವಂತೆ.

ಇಂತಿ,
ಶಂಕ್ರಮ್ಮ ಮಲ್ಕಪ್ಪ