ಶಾಂಭವಿಯ ರೆಪ್ಪೆ ಮತ್ತು ಎರಡು ಔಷಧ

ಗದಗ, ಕ್ರಿ.ಶ. ೨೧೭೧, ತಂಪುಮಾಸದ ಒಂಬತ್ತನೇ ದಿನ

ನೀಲಗಂಗವ್ವನವರಿಗೆ,

ಈ ತಾರೀಖು ನಿಮಗೆ ವಿಚಿತ್ರವೆನಿಸಬಹುದು. ನನ್ನ ಕೆಲವು ಮಾತುಗಳೂ ಹಾಗೆ ಕಂಡರೆ ಮನ್ನಿಸಿ. ಬಿಸಿಲು ಇಳಿದು ಶಾಲೆಗಳು ತೆರೆಯುವ ನಲವತ್ತು ದಿನಗಳನ್ನು ನಾವು ತಂಪುಮಾಸ ಎನ್ನುತ್ತೇವೆ. ನಾನು ನಿಮ್ಮ ವಂಶದವಳಲ್ಲ. ನನ್ನ ಹೆಸರು ಇಂಚರಾ. ನನ್ನ ಮೂರು ತಿಂಗಳ ಮಗನ ತುಟಿಯ ಮೇಲೆ ಕೆಂಪು ಮಚ್ಚೆ ಎದ್ದಿದೆ. ಇದಕ್ಕೀಗ ಕೊಡುವುದು ಎಲೆಪಟ್ಟಿ: ಹೆಸರುಕಾಳಿನಷ್ಟು ಚಿಕ್ಕ ತುಣುಕು, ಮಚ್ಚೆಗೆ ಅಂಟಿಸಿದರೆ ಔಷಧ ತಾನಾಗಿ ಒಳಗಿಳಿಯುತ್ತದೆ. ನಾನು ಹೆದರಿದ್ದನ್ನು ಕಂಡು ಆಸ್ಪತ್ರೆಯವರು ನಿಮ್ಮ ಧ್ವನಿ ಕೇಳಿಸಿದರು. ನೂರೈವತ್ತು ವರ್ಷಗಳ ಹಿಂದೆ, ಮುಂದಿನ ತಾಯಂದಿರಿಗೆ ಇರಲಿ ಎಂದು ನೀವೇ ಒಪ್ಪಿ ಬಿಟ್ಟುಹೋದ, ಆಸ್ಪತ್ರೆಯ ಭೇಟಿಗಳ ಮಾತುಕತೆಯ ಧ್ವನಿಮುದ್ರಣ. ಮೂರು ಸಲ ಕೇಳಿದೆ.

ನಿಮ್ಮ ಮಗಳು ಶಾಂಭವಿ ಹುಟ್ಟಿದಾಗ ಎಡರೆಪ್ಪೆಯ ಮೇಲೆ ಬರೀ ಒಂದು ಚುಕ್ಕೆಯಿತ್ತಂತೆ. ಎರಡು ತಿಂಗಳಿಗೆ ಅದು ಊದಿ ಕಣ್ಣನ್ನೇ ಮುಚ್ಚತೊಡಗಿತು. ನಿಮ್ಮ ಅತ್ತೆ ಗ್ರಹಣದ ದೋಷ ಎಂದರು. ನೀವು ಹೊಲಿಯುತ್ತಿದ್ದ ಶಾಲೆಯ ಅಂಗಿಗಳನ್ನು ಅಲ್ಲೇ ಬಿಟ್ಟು ಕೂಸನ್ನೆತ್ತಿಕೊಂಡು ಆಸ್ಪತ್ರೆಗೆ ಬಂದಿರಿ. ಇದು ಕ್ಯಾನ್ಸರ್ ಅಲ್ಲ, ರಕ್ತನಾಳಗಳ ಗಂಟು, ವರ್ಷಗಳು ಕಳೆದಂತೆ ತಾನೇ ಕರಗುತ್ತದೆ, ಆದರೆ ಅಲ್ಲಿಯವರೆಗೆ ಕಣ್ಣು ಮುಚ್ಚಿಯೇ ಇದ್ದರೆ ದೃಷ್ಟಿ ಬೆಳೆಯುವುದಿಲ್ಲ ಎಂದು ಡಾಕ್ಟರ್ ಹಾದಿಮನಿ ತಿಳಿಸಿದರು. ಪ್ರೊಪ್ರನೊಲೋಲ್ ಆಗಲೇ ಬಳಕೆಯಲ್ಲಿದ್ದ ಔಷಧ. ಅಟೆನೊಲೋಲ್ ಕೂಡ ಅಷ್ಟೇ ಕೆಲಸ ಮಾಡೀತೇ, ಅದರಿಂದ ತೊಂದರೆ ಕಡಿಮೆಯೇ ಎಂದು ಅವರು ಹೋಲಿಸಿ ನೋಡುತ್ತಿದ್ದರು. ಯಾವ ಮಗುವಿಗೆ ಯಾವುದೆಂದು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸುತ್ತಿತ್ತು.

“ಯಾವ್ದು ಛಲೋ ಅಂತ ನಿಮಗ ಗೊತ್ತಿಲ್ಲೇನ್ರಿ?” ಎಂದು ನೀವು ಕೇಳುತ್ತೀರಿ.

“ಗೊತ್ತಿಲ್ಲ ತಂಗಿ. ಗೊತ್ತಿದ್ದಿದ್ರ ಅದನ್ನ ಕೊಟ್ಟಬಿಡ್ತಿದ್ದೆ,” ಎನ್ನುತ್ತಾರೆ ಡಾಕ್ಟರ್.

ಆಮೇಲೆ ನಿಮ್ಮ ದನಿ: “ಖರೇ ಹೇಳಿದ್ರಿ. ಬರ್ಕೋರಿ ನಮ್ಮ ಕೂಸಿನ ಹೆಸರು.”

ಶಾಂಭವಿಗೆ ಪ್ರೊಪ್ರನೊಲೋಲ್ ಬಂತು. ಐದನೇ ವಾರ ಅವಳಿಗೆ ನೆಗಡಿ. ಬೆಳಿಗ್ಗೆ ಹಾಲು ಮುಟ್ಟಲಿಲ್ಲ. ಔಷಧ ತಪ್ಪಬಾರದೆಂದು ನೀವು ಹಾಕಿದಿರಿ. ಗಂಟೆಯೊಳಗೆ ಕೂಸು ಬೆವೆತು ಜೋತುಬಿತ್ತು. ಆಟೋದಲ್ಲಿ ಆಸ್ಪತ್ರೆಗೆ ಓಡಿದಿರಿ. ಖಾಲಿ ಹೊಟ್ಟೆಗೆ ಬಿದ್ದ ಔಷಧದಿಂದ ರಕ್ತದ ಸಕ್ಕರೆ ಕುಸಿದಿತ್ತು. ಗ್ಲೂಕೋಸ್ ಕೊಟ್ಟ ಮೇಲೆ ಕಣ್ಣು ತೆರೆದಳು. ಹಾಲು ಕುಡಿಸಿಯೇ ಔಷಧ ಹಾಕಿದೆ ಅನ್ನು, ಇಲ್ಲದಿದ್ದರೆ ನಿನ್ನನ್ನೇ ಬೈತಾರೆ ಎಂದು ಅತ್ತೆ ಹೇಳಿಕೊಟ್ಟಿದ್ದರು. ನೀವು ಹಾಗೆ ಹೇಳಲಿಲ್ಲ.

“ಹಾಲ ಕುಡದಿರಲಿಲ್ರಿ. ಗೊತ್ತಿದ್ದೂ ಹಾಕಿದೆ. ಇದನ್ನೂ ಬರ್ಕೋರಿ.”

ಅದೇ ದಿನ ಉಳಿದ ಎಲ್ಲ ಮನೆಗಳಿಗೂ ಮತ್ತೊಮ್ಮೆ ಫೋನ್ ಹೋಯಿತು: ಹಾಲು ಕುಡಿಯದಿದ್ದರೆ ಔಷಧ ಬೇಡ, ನಮಗೆ ಕರೆಮಾಡಿ. ಮರುದಿನ ಇಬ್ಬರು ತಾಯಂದಿರು ಕೈಗೆತ್ತಿಕೊಂಡ ಔಷಧವನ್ನು ಕೆಳಗಿಟ್ಟರೆಂದು ಕಡತದಲ್ಲಿದೆ. ಅವರ ಹೆಸರು ನಿಮಗೆ ತಿಳಿಯಲೇ ಇಲ್ಲ.

ಕೊನೆಯ ಭೇಟಿಯ ಹೊತ್ತಿಗೆ ಶಾಂಭವಿ ಎರಡೂ ಕಣ್ಣು ಬಿಟ್ಟು ನೋಡುತ್ತಿದ್ದಳು. ಆದರೂ ನೀವು ಅಂದಿರಿ, “ನನ್ನ ಕೂಸಿಗೆ ಕಡಿಮಿ ಗುಣದ ಔಷಧ ಬಂತೇನೋ ಅಂತ ಅನಸ್ತದ.” ಹೋಲಿಕೆ ಮುಗಿಯಲು ನಾಲ್ಕು ವರ್ಷ ಹಿಡಿಯಿತು. ನಿಮಗೆ ಬರೆದ ಕಾಗದ ವಿಳಾಸದಾರರಿಲ್ಲ ಎಂದು ಮರಳಿತು. ಅದರಲ್ಲಿದ್ದದ್ದು ಇಷ್ಟೇ: ಮಚ್ಚೆ ಕರಗಿಸುವುದರಲ್ಲಿ ಎರಡೂ ಸಮ. ಅಟೆನೊಲೋಲ್ ಕುಡಿದ ಮಕ್ಕಳಲ್ಲಿ ಉಬ್ಬಸ, ನಿದ್ದೆಗೇಡು ಕೊಂಚ ಕಡಿಮೆ. ನಿಮ್ಮ ಮಗಳಿಗೆ ಬಂದದ್ದು ಕಡಿಮೆ ಗುಣದ ಔಷಧವಲ್ಲ, ಅವ್ವಾ.

ಈಗ ಎಲೆಪಟ್ಟಿ ಮೂರು ವಾರ ಸಾಕೇ, ಆರು ಬೇಕೇ ಎಂದು ಇಲ್ಲಿ ನೋಡುತ್ತಿದ್ದಾರೆ. ಯಾವುದು ಒಳ್ಳೆಯದೆಂದು ನಾನೂ ಕೇಳಿದೆ. ಗೊತ್ತಿಲ್ಲ ಎಂದರು. ಇಂದು ಬೆಳಿಗ್ಗೆ ಒಪ್ಪಿಗೆ ಕೊಟ್ಟೆ. ಉತ್ತರ ಬರುವಷ್ಟರಲ್ಲಿ ಮಗ ಶಾಲೆಗೆ ಹೋಗುತ್ತಿರಬಹುದು; ನಾವು ಎಲ್ಲಿದ್ದರೂ ಹುಡುಕಿ ತಿಳಿಸಬೇಕೆಂದು ಒಪ್ಪಿಗೆಪತ್ರದ ಕೆಳಗೆ ಒಂದು ಸಾಲು ಬರೆಸಿದ್ದೇನೆ. ಪಟ್ಟಿ ಅಂಟಿಸುವಾಗ ಅವನು ಅಳಲಿಲ್ಲ. ಅತ್ತದ್ದು ನಾನು.

ನಿಮ್ಮವಳೇ ಆದ,
ಇಂಚರಾ