ಮಧ್ಯಾಹ್ನ ಎರಡಕ್ಕೆ ತೆರೆದ ಗೇಟು

ರಾಯಚೂರು
ಗುರುವಾರ, 24 ಏಪ್ರಿಲ್ 2025

ನನ್ನವ್ವ ಮೌನೇಶ್ವರೀ,

ಮೊದಲು ನಿನ್ನ ಎಡಗಾಲಿನ ಹಿಮ್ಮಡಿಯ ಸುದ್ದಿ ಹೇಳು. ಊತ ಇಳಿದಿದೆಯೇ? ಪಟ್ಟಿ ಬಿಗಿಯಾಗಿ ಸುತ್ತಿಕೊಂಡು, ನೋವೇ ಇಲ್ಲ ಎಂದು ಕೋಚ್ ಮುಂದೆ ಸುಳ್ಳು ಹೇಳುವ ನಿನ್ನ ಚಾಳಿ ನನಗೆ ಗೊತ್ತು. ಅಲ್ಲಿ ಎರಡು ಹೊತ್ತೂ ಅನ್ನವೇ ಹಾಕುತ್ತಾರೆ, ರೊಟ್ಟಿ ಕೇಳಿದರೆ ಮೈದಾ ಚಪಾತಿ ಕೊಡುತ್ತಾರೆ ಎಂದು ನಿನ್ನ ಜೊತೆ ಆಡುವ ಹುಮೇರಾ ಹೇಳಿದಳು. ಅದನ್ನು ಕೇಳಿದಾಗಿನಿಂದ ನಿನ್ನವ್ವ ಒಲೆ ಬಿಟ್ಟು ಎದ್ದಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ ಎಲ್ಲ ಕಟ್ಟುತ್ತಿದ್ದಾಳೆ. ಹುಮೇರಾ ತಂಗಿಯ ನಿಕಾಹ್ ಮುಗಿಸಿಕೊಂಡು ಇವತ್ತು ಸಂಜೆಯ ರೈಲಿಗೆ ನಿಮ್ಮ ಶಿಬಿರಕ್ಕೆ ಮರಳುತ್ತಿದ್ದಾಳೆ. ಗಂಟನ್ನೂ ಈ ಕಾಗದವನ್ನೂ ಅವಳ ಕೈಯಲ್ಲೇ ಕಳಿಸುತ್ತೇನೆ. ನಿಮ್ಮ ಫೋನುಗಳನ್ನು ಶಿಬಿರದವರು ತೆಗೆದಿಟ್ಟುಕೊಂಡಿದ್ದಾರೆ, ಅಂಚೆಗೆ ಹಾಕಿದರೆ ತಂಡದ ಮ್ಯಾನೇಜರ್ ಸಾಹೇಬರ ಮೇಜು ದಾಟಿಯೇ ನಿನಗೆ ಸಿಗಬೇಕು. ಅವರು ಓದಬಾರದ ಸಂಗತಿಗಳು ಇದರಲ್ಲಿವೆ.

ನಾವು ಆರೋಗ್ಯವಾಗಿದ್ದೇವೆ ಎಂದು ಬರೆಯಬೇಕು. ನಿನ್ನವ್ವ ವೆಂಕಮ್ಮ ಗಟ್ಟಿ ಇದ್ದಾಳೆ. ನನಗೆ ಹತ್ತು ದಿನದಿಂದ ಅನ್ನ ಸೇರುತ್ತಿಲ್ಲ. ಬಾಗಿಲ ಮುಂದೆ ಯಾರದೋ ಬೈಕು ನಿಂತರೆ ಸಾಕು, ಕೈಯಲ್ಲಿರುವ ತುತ್ತು ತಟ್ಟೆಗೆ ಇಳಿಯುತ್ತದೆ. ಬಿಸಿಲಿನ ಕಾರಣ ಎಂದು ಅವಳಿಗೆ ಹೇಳುತ್ತಾ ಬಂದೆ. ಬಿಸಿಲೂ ಹಾಗೇ ಇದೆ ಬಿಡು, ನಲವತ್ತಮೂರು ದಾಟಿದೆ.

ನಿಮಗೆ ಹೇಳಿದ್ದಾರೋ ಇಲ್ಲವೋ ತಿಳಿಯದು. ನಿಮ್ಮ ಎಡೆದೊರೆ ಕ್ವೀನ್ಸ್ ತಂಡ ಇನ್ನು ರಾಯಚೂರಿಗೆ ತಿರುಗಿ ಬರುವುದಿಲ್ಲ. ಒಂದು ತಿಂಗಳ ಶಿಬಿರ ಎಂದು ನಿಮ್ಮನ್ನು ಕರೆದುಕೊಂಡು ಹೋದರಲ್ಲ, ಮುಂದಿನ ವರ್ಷದ ಕಬಡ್ಡಿ ಪಂದ್ಯಗಳೆಲ್ಲ ಅಲ್ಲೇ, ಹೈದರಾಬಾದಿನ ಹೊರಗೆ ಕಟ್ಟಿರುವ ಆ ಹೊಸ ಕ್ರೀಡಾಂಗಣದಲ್ಲೇ. ಹೋದ ವರ್ಷ ವಾಲಿಬಾಲ್ ತಂಡ ಹೋದಾಗ ನಮ್ಮ ಬೀದಿಯವರು ಅಷ್ಟು ಹೆದರಿರಲಿಲ್ಲ. ಹುಡುಗಿಯರ ತಂಡ ಇದೆಯಲ್ಲ ಎಂದುಕೊಂಡರು. ಆದರೂ ಅದು ಹೋದ ಆರು ತಿಂಗಳಲ್ಲಿ ಜ್ಯೂಸ್ ಅಂಗಡಿ ಮುಚ್ಚಿತು, ಜೆರ್ಸಿ ಹೊಲಿಯುವವರ ಮಳಿಗೆಯ ಶೆಟರ್ ಇಳಿಯಿತು, ಎರಡು ಲಾಡ್ಜುಗಳಲ್ಲಿ ಒಂದು ಗೋದಾಮು ಆಯಿತು. ನಿನಗೆ ನೆನಪಿರಬೇಕು, ಪಂದ್ಯದ ದಿನ ಮಾನ್ವಿ ಬಸ್ಸು, ದೇವದುರ್ಗದ ಬಸ್ಸು ತುಂಬಿ ಬರುತ್ತಿದ್ದವು. ಹೆಣ್ಣುಮಕ್ಕಳು ಕೂಸು ಕಟ್ಟಿಕೊಂಡು ನಿಮ್ಮ ಆಟ ನೋಡಲು ಬಂದು, ಹಾಗೇ ತೀನ್ ಕಂದಿಲ್ ಬಜಾರಿನ ಕಡೆ ಹೋಗಿ ಸೀರೆ, ಪಾತ್ರೆ ಕೊಂಡು, ಅಬ್ದುಲ್ ವಹೀದ್ ಅವರ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಹೋಗುತ್ತಿದ್ದರು. ಈಗ ಬೈಪಾಸಿನ ಕಡೆ ಹೊಸ ಅಂಗಡಿಗಳು ಏಳುತ್ತಿವೆ. ಊರಿನ ನಡುವೆ ಬರಲು ಜನಕ್ಕೆ ಒಂದು ನೆಪ ಬೇಕು. ಆ ನೆಪ ನೀವೇ ಆಗಿದ್ದಿರಿ.

ಈ ಮಾತನ್ನು ವಹೀದ್ ಸಾಹೇಬರು ಬೀದಿಯ ವ್ಯಾಪಾರಿಗಳ ಸಭೆಯಲ್ಲಿ ಹೇಳಿದರು. ತಂಡದವರ ಸಾಮಾನು ಇನ್ನೂ ನಮ್ಮ ಕ್ರೀಡಾಂಗಣದೊಳಗೇ ಇದೆ, ಅದು ಇರುವವರೆಗೆ ಅವರು ನಮ್ಮ ಜೊತೆ ಮಾತಾಡಲೇಬೇಕು ಎಂಬುದು ಅವರ ಲೆಕ್ಕ. ಹೋದ ವಾರದ ಬುಧವಾರ ಬೆಳಿಗ್ಗೆಯಿಂದ ಎಲ್ಲರೂ ಗೇಟಿನ ಮುಂದೆ ಕೂರುವುದು, ಜಿಲ್ಲಾಧಿಕಾರಿಗಳು ಬಂದು ತಂಡದ ಮಾಲೀಕರನ್ನು ಕರೆಸಿ ಮಾತಾಡಿಸುವ ತನಕ ಏಳಬಾರದು ಎಂದು ತೀರ್ಮಾನವಾಯಿತು. ನಾನೂ ಆ ಸಭೆಯಲ್ಲಿದ್ದೆ. ಕೈ ಎತ್ತಿದವರಲ್ಲಿ ನಾನೂ ಒಬ್ಬ.

ಆ ವಾರದ ಸೋಮವಾರ ಅಂಬೇಡ್ಕರ್ ಜಯಂತಿಯ ಮೆರವಣಿಗೆ ಇತ್ತು. ಮರುದಿನ ಮಂಗಳವಾರ ಇಡೀ ಬೀದಿ ದಣಿದು ಮಲಗಿತ್ತು. ಮಧ್ಯಾಹ್ನ ಎರಡರ ಹೊತ್ತಿಗೆ ಇಲ್ಲಿ ನಾಯಿ ಕೂಡ ಹೊರಗೆ ಬರುವುದಿಲ್ಲ. ಆ ಹೊತ್ತಿಗೆ ಲಾರಿ ಬಂತು. ಮ್ಯಾನೇಜರ್ ಸಾಹೇಬರು ಮೊದಲೇ ಫೋನು ಮಾಡಿದ್ದರು. ನಾನು ಗೇಟು ತೆರೆದೆ, ಮೌನಾ. ಇಪ್ಪತ್ತೆರಡು ವರ್ಷ ಆ ಗೇಟು ಕಾಯ್ದವನು ನಾನೇ ಅದನ್ನು ತೆರೆದೆ. ಆರು ಜನ ಕೂಲಿಗಳು ಇಳಿದರು. ಸ್ಕೋರ್ ಬೋರ್ಡು, ದೀಪಗಳು, ಕುರ್ಚಿಗಳು, ಒಂದೊಂದಾಗಿ ಹೋದವು. ಆಮೇಲೆ ಮ್ಯಾಟುಗಳನ್ನು ಸುತ್ತಿದರು. ಗೋಡೆಯ ಬದಿಗೆ ಪೇರಿಸಿದ್ದ ಹಳೆಯ ಹಸಿರು ಮ್ಯಾಟುಗಳಿಗೂ ಕೈ ಹಾಕಿದಾಗ, ಅವು ತಂಡದವಲ್ಲ, ಶಾಲಾ ಮಕ್ಕಳ ಅಭ್ಯಾಸಕ್ಕೆ ಸರ್ಕಾರ ಕೊಟ್ಟವು ಎಂದೆ. ನೀನು ಎಂಟನೇ ತರಗತಿಯಲ್ಲಿ ಮೊದಲ ಸಲ ಮೊಣಕಾಲು ತರಚಿಕೊಂಡದ್ದು ಅವುಗಳ ಮೇಲೆಯೇ. ಲಾರಿಯವನು ನನ್ನ ಮುಖ ನೋಡದೆ, ಎಲ್ಲಾ ತರಬೇಕಂತ ಹೇಳ್ಯಾರ ಎಂದ. ನಾನು ಸುಮ್ಮನೆ ಗೋಡೆಯ ನೆರಳಿಗೆ ಸರಿದು ನಿಂತೆ. ಮೂರೂಕಾಲಿಗೆ ಲಾರಿ ಹೋಯಿತು. ಒಳಗೆ ಹೋಗಿ ನೋಡಿದರೆ ಬರೀ ಸಿಮೆಂಟ್ ನೆಲ. ನನ್ನ ಚಪ್ಪಲಿಯ ಸದ್ದಿಗೆ ನಾನೇ ಬೆಚ್ಚಿದೆ.

ಬುಧವಾರ ಬೆಳಿಗ್ಗೆ ಇನ್ನೂರು ಜನರಾದರೂ ಸೇರಿದ್ದರು. ಕಿಟಕಿಯಲ್ಲಿ ಇಣುಕಿದವನೊಬ್ಬ ಒಳಗ ಏನೂ ಇಲ್ಲ ಎಂದು ಕೂಗಿದ. ಆ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಬೀಗ ಮುರಿದಿರಲಿಲ್ಲ. ಕೀಲಿಕೈ ಇರುವುದು ಇಬ್ಬರ ಹತ್ತಿರ ಎಂದು ಊರಿಗೇ ಗೊತ್ತು, ಒಂದು ನನ್ನದು, ಇನ್ನೊಂದು ಕಸ ಗುಡಿಸುವ ನೀಲಗಂಗಮ್ಮನದು. ವಹೀದ್ ಸಾಹೇಬರು ಬಂದು ನನ್ನ ಭುಜದ ಮೇಲೆ ಕೈಯಿಟ್ಟರು. "ತಾಯಪ್ಪ, ನಿನ್ನಿ ಮಧ್ಯಾಹ್ನ ನೀ ಎಲ್ಲಿದ್ದಿ?" ಎಂದು ಕೇಳಿದರು. ಆ ಕೈ ಭಾರವಾಗಿರಲಿಲ್ಲ. ಗೆಳೆಯನ ಕೈಯೇ ಆಗಿತ್ತು. ಆದರೂ ಸುತ್ತ ನಿಂತಿದ್ದ ಮುಖಗಳನ್ನು ನೋಡಿದೆ. "ಊಟಕ್ಕ ಮನಿಗೆ ಹೋಗಿದ್ದೆರೀ" ಅಂದುಬಿಟ್ಟೆ.

ನಾನು ನೀಲಗಂಗಮ್ಮನ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ನೀಲಗಂಗಮ್ಮ ಆ ಮಂಗಳವಾರ ತನ್ನೂರು ಗಿಲ್ಲೆಸುಗೂರಿಗೆ ಹೋಗಿದ್ದಳು. ಹಾಗೆಂದು ಅವಳು ಹೇಳಿದ್ದನ್ನು ಯಾರೂ ನಂಬಲಿಲ್ಲ. ಗಂಡ ಸತ್ತ ಬಡವಿ, ಆಸೆ ತೋರಿಸಿದ್ದಾರೆ, ಕೀಲಿಕೈ ಕೊಟ್ಟಿದ್ದಾಳೆ ಎಂದೇ ಮಾತು. ಅವಳಿಗೆ ಯಾರೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಅವಳು ಬಂದರೆ ಮಾತು ನಿಲ್ಲಿಸುತ್ತಿದ್ದರು. ಚಹಾದ ಅಂಗಡಿಯಲ್ಲಿ ಅವಳ ಸರದಿ ಬರುತ್ತಲೇ ಇರಲಿಲ್ಲ. ಶುಕ್ರವಾರ ಯಾರೋ ಅವಳ ಬಾಡಿಗೆ ಖೋಲಿಯ ಬಾಗಿಲಿಗೆ ಡಾಂಬರು ಬಳಿದರು. ಅಂದು ಅವಳು ನನ್ನ ಹತ್ತಿರ ಬಂದು, "ತಾಯಪ್ಪಣ್ಣ, ನಿನ್ ಮಾತು ಕೇಳ್ತಾರ. ನಾ ಅಲ್ಲ ಅಂತ ಒಂದ್ ಸಲ ಹೇಳು" ಅಂದಳು. ನೋಡೋಣ ಎಂದೆ. ನೋಡೋಣ ಎಂದು ಹೇಳಿ ಕಳಿಸಿದೆ, ಮಗಳೇ.

ಭಾನುವಾರ ಅವಳು ಕಾಣಲಿಲ್ಲ. ಸೋಮವಾರವೂ ಬರಲಿಲ್ಲ. ಖೋಲಿಗೆ ಹೊರಗಿನಿಂದ ಚಿಲಕ ಹಾಕಿತ್ತು, ಫೋನು ಬಂದ್ ಆಗಿತ್ತು. ಅಲ್ಲಿಂದ ನನ್ನ ತಲೆಯಲ್ಲಿ ಬಾವಿ, ಕಾಲುವೆ, ರೈಲು ಹಳಿ ಇವೇ ಓಡತೊಡಗಿದವು. ಪತ್ರಿಕೆ ಬಂದರೆ ಒಳಪುಟ ತೆರೆಯದೆ ಮಡಚಿಡುತ್ತಿದ್ದೆ. ಸೋಮವಾರ ಮಧ್ಯಾಹ್ನ ತಡೆಯಲಾಗದೆ ಗಿಲ್ಲೆಸುಗೂರಿನ ಬಸ್ಸು ಹತ್ತಿದೆ. ಇಳಿದು ಅವಳ ತಮ್ಮನ ಮನೆ ಕೇಳುತ್ತ ಹೋಗುವಾಗ, ದಾರಿಯಲ್ಲಿ ಯಾರಾದರೂ ಅಳುವ ಸದ್ದು ಕೇಳುತ್ತದೇನೋ ಎಂದು ಕಿವಿಗೊಟ್ಟು ನಡೆದೆ. ಅವಳು ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅವಳೇ ಎದ್ದು ತಂಬಿಗೆ ನೀರು ತಂದುಕೊಟ್ಟಳು. ಕುಡಿದು ಎಲ್ಲವನ್ನೂ ಹೇಳಿದೆ.

ಅವಳು ತೊಟ್ಟು ಮುರಿಯುವುದನ್ನು ನಿಲ್ಲಿಸಲಿಲ್ಲ. "ನಾ ಅಲ್ಲ ಅನ್ನಾದು ನನಗ ಮೊದ್ಲ ಗೊತ್ತದ. ನನಗ ಹೇಳಾಕ ಇಲ್ಲೀತನ ಯಾಕ ಬಂದಿ? ಅಲ್ಲಿ ಹೇಳು, ಹೋಗು" ಎಂದಳು. ಬಸ್ಸಿಗೆ ಕಾಯುವಾಗ ನನ್ನ ಜೊತೆ ಬರಲೂ ಇಲ್ಲ, ತಿರುಗಿ ನೋಡಲೂ ಇಲ್ಲ. ಸರಿಯೇ ಮಾಡಿದಳು.

ಮೊನ್ನೆ ಮಂಗಳವಾರ ಬೆಳಿಗ್ಗೆ ವಹೀದ್ ಸಾಹೇಬರ ಹೋಟೆಲಿನಲ್ಲಿ ಎಲ್ಲರೂ ಕೂತಿದ್ದಾಗ ಹೋಗಿ ನಿಂತೆ. ನಿನ್ನವ್ವನನ್ನೂ ಕರೆದುಕೊಂಡು ಹೋಗಿದ್ದೆ. ಮನೆಯಲ್ಲಿ ಮೊದಲು ಹೇಳುವ ಧೈರ್ಯ ಇರಲಿಲ್ಲ, ಅಲ್ಲಿ ಒಂದೇ ಸಲ ಕೇಳಲಿ ಎಂದುಕೊಂಡೆ. ಹೇಳಿದೆ. ಗೇಟು ತೆರೆದವನು ನಾನು, ಸುಳ್ಳು ಹೇಳಿದವನೂ ನಾನು. ಯಾಕೆ ಎಂದು ಕೇಳಿದರು. ಮೇಲಿನವರು ಹೇಳಿದರೆ ಇಲ್ಲ ಅನ್ನುವುದು ರೂಢಿಯಾಗಿಲ್ಲ ಎಂದೆ. ಎದ್ದು ಬಂದ ಒಬ್ಬಿಬ್ಬರನ್ನು ವಹೀದ್ ಸಾಹೇಬರು ಕೈ ಅಡ್ಡ ಇಟ್ಟು ತಡೆದರು. ಅವರ ಕಣ್ಣು ಕೆಂಪಾಗಿತ್ತು. "ತಂಡ ಹೋಗಾದು ಹೋಗ್ತಿತ್ತೇನೋ. ಆದ್ರ ಆ ಹೆಣ್ಮಗಳ ಮುಂದ ನಾವು ಹ್ಯಾಂಗ ನಿಂದ್ರಬೇಕೀಗ?" ಎಂದರು. ಮಧ್ಯಾಹ್ನ ಅವರೇ ನಾಲ್ಕು ಜನರೊಂದಿಗೆ ಗಿಲ್ಲೆಸುಗೂರಿಗೆ ಹೋಗಿ ಅವಳನ್ನು ಕರೆದುಕೊಂಡು ಬಂದರು. ಡಾಂಬರು ಬಳಿದವನೇ ಸೀಮೆಎಣ್ಣೆ ಹಚ್ಚಿ ಬಾಗಿಲು ತಿಕ್ಕಿದ. ನನ್ನ ಜೊತೆ ಮಾತ್ರ ಈಗ ಯಾರೂ ಮಾತಾಡುವುದಿಲ್ಲ. ನಿನ್ನವ್ವ ಮಾತಾಡುತ್ತಾಳೆ, ನೀರು ಬಂತು, ಊಟ ಆಯಿತು, ಅಷ್ಟೇ.

ಆದರೆ ವಹೀದ್ ಸಾಹೇಬರು ಗಿಲ್ಲೆಸುಗೂರಿಗೆ ಹೊರಡುವ ಮುಂಚೆ ಒಂದು ಕೆಲಸ ಹೇಳಿ ಹೋದರು. ಲಾರಿಯಲ್ಲಿ ಹೋದದ್ದರಲ್ಲಿ ತಂಡದ್ದು ಯಾವುದು, ಊರಿನ ಮಕ್ಕಳದು ಯಾವುದು ಎಂದು ಬಲ್ಲವನು ನಾನೊಬ್ಬನೇ. ಅದನ್ನು ಬರೆದು ಸಹಿ ಮಾಡಿಕೊಟ್ಟರೆ ಜಿಲ್ಲಾಧಿಕಾರಿಗಳ ಕಚೇರಿಗೆ ಒಯ್ಯುತ್ತಾರಂತೆ. ಮ್ಯಾಟು ತಿರುಗಿ ಬಂದರೆ ಶಾಲೆಯ ಹುಡುಗಿಯರಾದರೂ ಆಡುತ್ತಾರೆ, ತಾಲೂಕಿನ ಪಂದ್ಯಗಳಾದರೂ ನಡೆಯುತ್ತವೆ, ಗೇಟಿನ ಮುಂದೆ ನಾಲ್ಕು ಜನ ನಿಲ್ಲುತ್ತಾರೆ. ಕ್ರೀಡಾಂಗಣ ಖಾಲಿ ಬಿದ್ದರೆ ಆ ಜಾಗದ ಮೇಲೆ ಕಣ್ಣಿಟ್ಟವರು ಬಹಳ ಇದ್ದಾರೆ. ಮೌನಾ, ಸಂಜೆ ಗೇಟಿನ ಹತ್ತಿರ ಕೂತು ಬೀದಿ ನೋಡುತ್ತೇನೆ. ಆಟೋದವರು ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸಿ ಸುಮ್ಮನೆ ಕೂತಿರುತ್ತಾರೆ. ಏಳಕ್ಕೆಲ್ಲ ಶೆಟರ್‌ಗಳು ಇಳಿಯುತ್ತವೆ. ಊರೊಂದು ಹೊಟ್ಟೆಯ ಕಡೆಯಿಂದ ತಣ್ಣಗಾಗುತ್ತ ಬಂದ ಹಾಗೆ ಕಾಣುತ್ತದೆ. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ, ಅದು ಸಣ್ಣ ಮಾತು. ಬರೆದುಕೊಡುವ ವಿಷಯಕ್ಕೆ, ಯೋಚಿಸಿ ಹೇಳುತ್ತೇನೆ ಎಂದು ಬಂದಿದ್ದೆ.

ಕಾಲು ಜೋಪಾನ. ನೀರು ಬಹಳ ಕುಡಿ. ಕೋಚ್ ಅವರಿಗೆ ನನ್ನ ನಮಸ್ಕಾರ ತಿಳಿಸು, ಅವರು ಒಳ್ಳೆಯವರು. ನಿನ್ನವ್ವ ನಿನ್ನ ತಲೆ ಸವರಿದ್ದಾಳೆ ಎಂದುಕೋ. ಆಡಲು ಇಳಿದಾಗಲೆಲ್ಲ ನಿನ್ನ ಬೆನ್ನ ಹಿಂದೆ ನಾವಿಬ್ಬರೂ ಇದ್ದೇವೆ.

ನಿನ್ನ ಅಪ್ಪ,
ತಾಯಪ್ಪ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಹೆದರಿದ್ದೆ. ಹುಮೇರಾ ಬಾಗಿಲಲ್ಲಿ ನಿಂತಿದ್ದಾಳೆ, ಆಟೋದವನು ಹಾರ್ನ್ ಹೊಡೆಯುತ್ತಿದ್ದಾನೆ. ಅವತ್ತು ಮ್ಯಾನೇಜರ್ ಸಾಹೇಬರು ಫೋನಿನಲ್ಲಿ ಹೇಳಿದ್ದು ಇಷ್ಟು: "ತಾಯಪ್ಪ, ತಂಡದ ಹೊಸ ಪಟ್ಟಿಯಾಗ ಹನ್ನೆರಡು ಹೆಸರು ಅವ. ಕಡೀದು ನಿನ್ ಮಗಳದು. ಗೇಟ್ ತೆರೀತಿ ಏನ್?" ಅದಕ್ಕೇ ತೆರೆದೆ. ಇದನ್ನು ಹೋಟೆಲಿನಲ್ಲೂ ಹೇಳಿಲ್ಲ, ನಿನ್ನವ್ವನಿಗೂ ಹೇಳಿಲ್ಲ. ವಹೀದ್ ಸಾಹೇಬರು ಕೇಳಿದ್ದನ್ನು ನಿನ್ನೆ ಬುಧವಾರ ಬರೆದುಕೊಟ್ಟೆ, ಮೂರು ಪುಟಕ್ಕೂ ಸಹಿ ಮಾಡಿದೆ, ನಿನ್ನನ್ನು ಕೇಳದೆ. ನಾಳೆಯೋ ನಾಡಿದ್ದೋ ನಿನ್ನ ಹೆಸರು ತೆಗೆದರೆ, ಹಿಮ್ಮಡಿ ನೆಟ್ಟಗಿಲ್ಲ, ವೇಗ ಕಡಿಮೆಯಾಗಿದೆ ಎಂದೆಲ್ಲ ಹೇಳುತ್ತಾರೆ. ನಂಬಬೇಡ. ನಿನ್ನ ಆಟದಲ್ಲಿ ಏನೂ ಕೊರತೆಯಿಲ್ಲ. ಅದು ನನ್ನಿಂದ.