ಹನ್ನೊಂದನೆಯ ವಿಷಯವನ್ನು ಮುಂದೂಡಬೇಡಿ

೩೦ ಫೆಬ್ರವರಿ ೨೧೭೪
ಅಂಬರಗಡ ಮಹಾನಗರ, ವಲಯ ಏಳು

ಕೆಂಚಿನಕೊಪ್ಪ ಪುರಸಭೆಯ ಮುಖ್ಯಾಧಿಕಾರಿ ಶ್ರೀ ಗುರುಪಾದಪ್ಪ ಹಂಚಿನಾಳ ಅವರಿಗೆ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಇದು ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲಿನಲ್ಲಿ, ನಿಮಗೆ ಬರುತ್ತಿದೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪುಟ. ತೀರಿಹೋದ ನನ್ನ ತಾಯಿಗೆ ಬರೆಯಬೇಕೆಂದು ಉಳಿಸಿಕೊಂಡಿದ್ದೆ.

ನಾಳೆ ನಿಮ್ಮ ಪುರಸಭೆಯ ಕೊನೆಯ ಸಭೆ. ನಾಡಿದ್ದು ಊರು ಅಂಬರಗಡ ಮಹಾನಗರ ಪಾಲಿಕೆಯಲ್ಲಿ ವಿಲೀನವಾಗುತ್ತದೆ. ಕೋಳಿ ಕೇಳಿ ಮಸಾಲೆ ಅರೆಯುವುದಿಲ್ಲ. ಅದು ನಿಮ್ಮ ಕೈಯಲ್ಲಿಲ್ಲವೆಂದು ಬಲ್ಲೆ. ವಿಲೀನದಿಂದ ಒಳ್ಳೆಯದೂ ಆಯಿತು, ಅಗಲ ರಸ್ತೆ ಬಂತು, ಆಸ್ಪತ್ರೆ ಬಂತು. ಕೆಟ್ಟದ್ದು ನೆಲದೊಳಗೆ ಉಳಿಯಿತು.

ನಿಮಗೆ ಆ ಸಭೆ ಇನ್ನೂ ನಡೆದಿಲ್ಲ, ಆದರೆ ಅದರ ನಡಾವಳಿ ಪುಸ್ತಕ ನನ್ನ ಮುಂದಿದೆ. ಹೊಸ ನಗರದ ಹೆಸರಿನಲ್ಲಿ ಕೆಂಚಿನಕೊಪ್ಪ ಮೊದಲೋ ಆಮೇಲೋ ಎಂದು ನಾಲ್ಕು ತಾಸು ಜಗಳವಾಡಿದಿರಿ. ಕೊನೆಗೆ ಹನ್ನೊಂದನೆಯ ವಿಷಯ, ನೀರು ಸರಬರಾಜಿನದು, ಬಂತು. ಊರಿಗೆ ನೀರು ಬಿಡುವ ವಾಲ್ವ್‌ಮನ್ ಮೌಲಾಸಾಬರು ಎದ್ದು ನಿಂತು ಹೇಳಿದ್ದನ್ನು ಗುಮಾಸ್ತ ಇದ್ದ ಹಾಗೆಯೇ ಬರೆದಿದ್ದಾನೆ: "ಸಾಹೇಬ್ರ, ನನ್ನ ಬ್ಯಾರೆ ಕಡೆ ಹಾಕೂದಿದ್ರ ಹಾಕ್ರಿ. ಅದಕ್ಕಿಂತ ಮೊದ್ಲ ಒಬ್ಬರರೆ ನನ್ನ ಕೂಡ ಊರ ಅಡ್ಡಾಡ್ರಿ. ಯಾವ ವಾಲ್ವ್ ಎಲ್ಲೈತಿ ಅನ್ನೋದು ಕಾಗದದಾಗ ಇಲ್ರಿ, ನನ್ನ ತಲಿಯಾಗ ಐತಿ." ಕೆಳಗೆ ನಿಮ್ಮ ಷರಾ: ಮುಂದಿನ ಸಭೆಯಲ್ಲಿ ಪರಿಶೀಲಿಸುವುದು. ಮುಂದಿನ ಸಭೆ ಯಾವುದು ಸ್ವಾಮಿ? ಮಾರನೆಯ ದಿನ ಪುರಸಭೆಯೇ ಇರಲಿಲ್ಲ. ಮೌಲಾಸಾಬರನ್ನು ನಗರದ ಇನ್ನೊಂದು ತುದಿಗೆ ವರ್ಗ ಮಾಡಿದರು.

ಆ ಹಳೆಯ ಕೊಳವೆಯ ನೀರನ್ನೇ ನಾವು ಇಂದಿಗೂ ಕುಡಿಯುತ್ತೇವೆ. ಈಗ ಅದಕ್ಕೆ ಚರಂಡಿ ಸೇರಿ ಮನೆಮನೆಯಲ್ಲೂ ಮಕ್ಕಳು ಹಾಸಿಗೆ ಹಿಡಿದಿದ್ದಾರೆ. ನನ್ನ ಮಗಳು ನೀಲಗಂಗಾ ನೆಲಗಿವಿ. ನೆಲಕ್ಕೆ ಕಬ್ಬಿಣದ ಸಲಾಕೆ ಊರಿ, ಕಿವಿ ಹಚ್ಚಿ, ಕೆಳಗೆ ನೀರು ಎತ್ತ ಹರಿಯುತ್ತಿದೆ ಎಂದು ಹೇಳುವ ಕೆಲಸ. ನಾಳೆ ದುರಸ್ತಿಗೆ ಅವಳೇ ಕೊಳವೆಯೊಳಗೆ ಇಳಿಯಬೇಕು. ನೀರು ತಡೆಯುವ ವಾಲ್ವ್ ಎಲ್ಲಿ ಹೂತುಹೋಗಿದೆಯೋ ಅವಳ ಕಿವಿಗೂ ಸಿಕ್ಕಿಲ್ಲ. ಕಳೆದ ತಿಂಗಳು ಹೀಗೆಯೇ ಇಳಿದ ಇಬ್ಬರು ಮೇಲೆ ಬರಲಿಲ್ಲ. ನನಗೆ ಭಯವಾಗಿದೆ. ಸಿಟ್ಟೂ ಬಂದಿದೆ, ನಿಮ್ಮ ಮೇಲೆಯೇ.

ಹೆಸರಿನ ಜಗಳ ಬಿಡಿ. ನಿಮ್ಮ ಊರನ್ನು ಈಗ ವಲಯ ಏಳು ಅನ್ನುತ್ತಾರೆ, ಅಷ್ಟೇ. ಮೌಲಾಸಾಬರ ಜೊತೆ ನಡೆಯಿರಿ. ದೊಡ್ಡ ಕೊಳವೆಯ ವಾಲ್ವ್ ಪುರಸಭೆಯ ಬಾಗಿಲಿನಿಂದ ಯಾವ ದಿಕ್ಕಿಗೆ, ಎಷ್ಟು ಹೆಜ್ಜೆ ಎಂದು ಹೊಸ್ತಿಲ ಕಲ್ಲಿನ ಮೇಲೆ ಕೆತ್ತಿಸಿ. ಕಟ್ಟಡ ಬಿದ್ದುಹೋಗಿದೆ, ಆ ಕಲ್ಲು ಇದೆ.

ಇವತ್ತು ಸಂಜೆ ಅದರ ಮೇಲೆ ಕೈಯಾಡಿಸಿ ನೋಡಿದೆ. ನುಣ್ಣಗಿದೆ. ನಿಮ್ಮ ಕಾಲದಲ್ಲಿ ಏನಾದರೂ ಬದಲಾದರೆ ಅದು ನಮಗೆ ಮುಟ್ಟಲು ಒಂದು ರಾತ್ರಿ ಹಿಡಿಯುತ್ತದೆ ಎಂದು ಹಿಂದಂಚೆಯವರು ಹೇಳುತ್ತಾರೆ. ಬೆಳಿಗ್ಗೆ ಏಳಕ್ಕೆ ಮತ್ತೆ ಹೋಗುತ್ತೇನೆ. ನೀಲಗಂಗಾ ಎಂಟಕ್ಕೆ ಇಳಿಯುತ್ತಾಳೆ.

ಬಾಳವ್ವ,
ನೀಲಗಂಗಾಳ ಅವ್ವ